ಮೋಟಾರು ಓಡುವಾಗ ಕೇಳಿಸಿ ತೋರಿಸ್ರಿ

ಮೊದಲನೇ ರೇಡಿಯೋ ಪೆಟ್ಟಿಗೆ ಆರಿಸುವಾಗ ನಾನು ಏಮಾರಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹಿಂದಿನಿಂದ ಎತ್ತಿ ಆಡುವುದು ಬೇಡ. ಏಮಾರಿದ್ದು ನಾನೇ, ಸರಿ ಮಾಡಿದ್ದೂ ನಾನೇ. ಬೇರೆಯವರ ಬಾಯಿಗೆ ಈ ಕಥೆ ಬಿದ್ದರೆ ನನ್ನನ್ನು ಮಹಾ ಪತಿವ್ರತೆ ಮಾಡಿ ಕೂರಿಸುತ್ತಾರೆ. ನಾನು ಅಂಥವಳಲ್ಲ. ನನಗೆ ಸಿಟ್ಟು ಬಂದಿತ್ತು, ಅದಕ್ಕೆ ಮಾಡಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ದಾವಣಗೆರೆಯ ಹತ್ತಿ ಮಿಲ್ಲಿನ ರೀಲಿಂಗ್ ಖಾತೆಯಲ್ಲಿ ನೂಲು ಸುತ್ತುವ ಕೆಲಸ. ನಮ್ಮ ಮನೆಯವರು ಹರಿಹರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಕೆಲಸ ಮಾಡುತ್ತಿದ್ದರು. ಮದುವೆಗೆ ಮುಂಚೆ ಮಿಲಿಟರಿಯಲ್ಲಿದ್ದು ವೈರ್‌ಲೆಸ್ ಕಲಿತಿದ್ದರು. ಒಂದು ಕೀ ಒತ್ತಿ ಒತ್ತಿ, ಸದ್ದಿನಲ್ಲೇ ದೂರದ ಊರಿನವರ ಜೊತೆ ಮಾತಾಡುವುದು. ಸರ್ಕಾರದ ಪರೀಕ್ಷೆ ಪಾಸಾದರೆ ಅದನ್ನು ಮನೆಯಲ್ಲೇ ಮಾಡಬಹುದು, ಲೈಸೆನ್ಸು ಕೊಡುತ್ತಾರೆ, ಹವ್ಯಾಸಿ ರೇಡಿಯೋ ಅನ್ನುತ್ತಾರೆ. ಸಂಬಳ ಬರುವ ಕೆಲಸವಲ್ಲ. ಸುಮ್ಮನೆ ಮಾತಿನ ಚಟ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇವರು ಪರೀಕ್ಷೆ ಬರೆದು ಬಂದರು, ಲೈಸೆನ್ಸಿಗೆ ಕಾಯುತ್ತಿದ್ದರು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ಏಣಿಯ ಮೇಲಿಂದ ಬಿದ್ದರು. ಬೆನ್ನುಮೂಳೆ ಹೋಯಿತು. ಸೊಂಟದಿಂದ ಕೆಳಗೆ ಜೀವವೇ ಇಲ್ಲ.

ಆಮೇಲೆ ಮಾತೂ ನಿಂತಿತು. ನಾಲಿಗೆಗೆ ಪೆಟ್ಟು ಬಿದ್ದಿರಲಿಲ್ಲ, ಗಂಟಲು ಚೆನ್ನಾಗಿತ್ತು. ಬೇಕಂತಲೇ ನಿಲ್ಲಿಸಿದರು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಆಯಿತು. ಆಸ್ಪತ್ರೆಯಿಂದ ಬಂದ ಮೇಲೆ ಅವರ ಬಾಯಿಂದ ನಾನು ಕೇಳಿದ್ದು ಎರಡೇ ಮಾತು, ‘ನೀರು’ ಮತ್ತು ‘ಬ್ಯಾಡ’. ಮುಂಚೆ ಹೆಂಗಿದ್ದರು ಅಂದರೆ, ಊಟಕ್ಕೆ ಕೂತರೆ ತಟ್ಟೆಯಲ್ಲಿನ ಸಾರು ಆರುವ ತನಕ ಹರಟೆ. ಬಾಯಿಬಡಕ ಅಂತ ನಾನೇ ಬೈಯುತ್ತಿದ್ದೆ. ಕಾಲು ಹೋದರೆ ಎತ್ತಿ ಇಳಿಸಿ ನೋಡಿಕೊಳ್ಳುತ್ತೇನೆ, ಅದು ನನ್ನ ಪಾಲಿಗೆ ಬಂದ ಕೆಲಸ. ಆದರೆ ಮೂಕನ ಜೊತೆ ಸಂಸಾರ ಮಾಡುವುದಕ್ಕೆ ನಾನು ಒಪ್ಪಿ ಬಂದಿರಲಿಲ್ಲ.

ಲೈಸೆನ್ಸಿನ ಲಕೋಟೆ ಬಂದದ್ದು ಆ ಹೊತ್ತಿನಲ್ಲಿ. ಒಡೆದು ಕೈಗೆ ಕೊಟ್ಟೆ. ಓದಿದರು, ಮಡಿಸಿದರು, ದಿಂಬಿನ ಕೆಳಗೆ ತಳ್ಳಿ “ಬ್ಯಾಡ” ಅಂದರು.

ಪಕ್ಕದ ಮನೆಯಲ್ಲೇ ಇವರ ಅಣ್ಣ, ನಮ್ಮ ಭಾವ, ಇದ್ದರು. ಸುದ್ದಿ ತಿಳಿದು ಬಂದರು. ಭಾವನೆದುರು ನಾನು ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುವುದು ಪದ್ಧತಿ. ಅವತ್ತು ಮುಂದೆ ಬಂದು ನಿಂತೆ.

“ಎದ್ದು ಕೂಡಾಕೆ ಆಗದೋನಿಗೆ ವೈರ್‌ಲೆಸ್ ಯಾಕಮ್ಮ?” ಅಂದರು. “ಆ ಕಾಗದ ವಾಪಸ್ ಕಳಿಸು. ಒಂದು ಹಾಡಿನ ರೇಡಿಯೋ ತಂದಿಡಾನ, ಕೇಳ್ಕೊಂಡು ಬಿದ್ದಿರ್ತಾನೆ.”

“ಬಿದ್ದಿರೋದೇ ಬ್ಯಾಡ ಅಂತ ಭಾವ ನಾನು ಹೇಳ್ತಿರೋದು. ಹಾಡು ಕೇಳಾಕೆ ಬಾಯಿ ತೆಗೀಬೇಕಂತೇನಿಲ್ಲ. ಇದಾದ್ರೆ ಆ ಕಡೆಯೋನು ಏನಾರ ಕೇಳ್ತಾನೆ, ಇವರು ಉತ್ತರ ಕೊಡ್ಲೇಬೇಕು.”

“ಅವನೇ ಬ್ಯಾಡ ಅಂತಾನಲ್ಲ!”

“ನೀರು ಅಂದಾಗ ನೀರು ಕೊಟ್ಟೀನಿ. ಬ್ಯಾಡ ಅಂದದ್ದಕ್ಕೆಲ್ಲ ತಲೆ ಆಡ್ಸಾಕೆ ಆಗಲ್ಲ.”

ಭಾವ ನನ್ನ ಮುಖ ನೋಡಿದರು. ಮನೆಯ ಸೊಸೆ ಇಷ್ಟುದ್ದ ಮಾತಾಡಿದ್ದು ಅವರು ಕೇಳಿರಲಿಲ್ಲ. ಮಂಚದ ಮೇಲೆ ಇದ್ದವರು ಗೋಡೆ ನೋಡುತ್ತಲೇ ಇದ್ದರು.

ರೇಡಿಯೋ ಸ್ಟೇಷನ್ ಅಂತ ದೊಡ್ಡ ಹೆಸರು, ಆದರೆ ಅದಕ್ಕೆ ಬೇಕಾದ್ದು ನಾಲ್ಕೇ ಸಾಮಾನು. ಕೇಳುವ ಪೆಟ್ಟಿಗೆ, ಕಳಿಸುವ ಪೆಟ್ಟಿಗೆ, ಒತ್ತುವ ಕೀ, ಎತ್ತರಕ್ಕೆ ಕಟ್ಟುವ ತಂತಿ. ಕಳಿಸುವ ಪೆಟ್ಟಿಗೆಯನ್ನು ಇವರೇ ಅರ್ಧ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದರು. ಉಳಿದದ್ದನ್ನು ಆರಿಸಿ ತರಬೇಕು. ಇವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಸ್ನೇಹಿತರು ಹರಿಹರದಿಂದ ನೋಡಲು ಬಂದಾಗ ಅವರನ್ನು ಹಿಡಿದು ಕೇಳಿದೆ. ಅವರು ಹೇಳಿದ್ದು ಇಷ್ಟು. ಹಾಡಿನ ರೇಡಿಯೋದಲ್ಲಿ ಈ ಸದ್ದು ಹಿಡಿದರೆ ಬರೀ ಪುಸ್ ಪುಸ್ ಅನ್ನುತ್ತದೆ. ಬೇಕಾದ ಪೆಟ್ಟಿಗೆಯಲ್ಲಿ ಕೊಳಲು ಊದಿದ ಹಾಗೆ ಕುಂಯ್ ಅನ್ನಬೇಕು. ತಿರುಗಿಸುವ ಗುಂಡಿ ಕೂದಲೆಳೆಯಷ್ಟು ತಿರುಗಿಸಿದರೂ ಪೆಟ್ಟಿಗೆ ನಮ್ಮ ಮಾತು ಕೇಳಬೇಕು. ಮಿಲಿಟರಿಯವರು ಹರಾಜು ಹಾಕಿದ ಪೆಟ್ಟಿಗೆಗಳು ಅಂಗಡಿಗಳಲ್ಲಿ ಸಿಗುತ್ತವೆ, ನೋಡಿ ತನ್ನಿ ಅಂದರು.

ವಾರದ ರಜೆಯ ದಿನ ಹೋದೆ. ಮಿಲ್ಲಿನವರಿಗೆ ಸಾಮಾನು ಕೊಳ್ಳಲು ಬೇರೆ ದಿನ ಎಲ್ಲಿದೆ? ಸೀರೆ, ಪಾತ್ರೆ, ಮಕ್ಕಳ ಚಡ್ಡಿ, ಎಲ್ಲ ಅವತ್ತೇ. ಮಿಲ್ಲಿನ ರಜೆ ಅಂದರೆ ದಾವಣಗೆರೆಯ ಬಜಾರಿಗೆ ಸುಗ್ಗಿ. ರೇಡಿಯೋ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಯಜಮಾನರನ್ನ ಕರ್ಕೊಂಡು ಬರ್ರಿ. ಇವೆಲ್ಲ ಹೆಂಗಸ್ರಿಗೆ ತಿಳಿಯಲ್ಲ.”

“ಅವರು ನಡೆದು ಬರಂಗಿದ್ರೆ ನಾನ್ಯಾಕ ಬರ್ತಿದ್ದೆ? ತೆಗೀರಿ, ನೋಡಾನ.”

ತೆಗೆದರು. ಒಂದು ಬೂದು ಬಣ್ಣದ ದೊಡ್ಡ ಪೆಟ್ಟಿಗೆ. ಹೊಸದಾಗಿ ಬಣ್ಣ ಬಳಿದಿದ್ದರು, ಮುಂದೆ ಅಗಲ ಗಾಜು, ಅದರೊಳಗೆ ಹಸಿರು ದೀಪ. ಹಾಕಿದರೆ ಕುಂಯ್ ಕುಂಯ್ ಅಂತ ಎಷ್ಟು ಚೆಂದ ಬಂತು ಅಂದರೆ, ಪಕ್ಕದ ಪಾತ್ರೆ ಅಂಗಡಿಯವರೂ ಇಣುಕಿ ನೋಡಿದರು. ಒಪ್ಪಿ ತಂದೆ. ಮನೆಯಲ್ಲೂ ಚೆಂದವೇ ಬಂತು. ಇವರು ತಿರುಗಿ ನೋಡಲಿಲ್ಲ, ಆದರೆ ‘ಬ್ಯಾಡ’ ಅನ್ನಲೂ ಇಲ್ಲ. ನಾನು ಗೆದ್ದೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಮಿಲ್ಲಿನ ಸೈರನ್ ಆಯಿತು. ನಾನು ಬುತ್ತಿ ಕಟ್ಟುತ್ತಿದ್ದೆ. ನಮ್ಮ ಬೀದಿಯ ಹಿಂದೆ ಹತ್ತಿಯ ಬೀಜ ಬಿಡಿಸುವ ಜಿನ್ನು, ಅದರಾಚೆ ಮಗ್ಗದ ಶೆಡ್ಡುಗಳು. ಒಂದೊಂದೇ ಮೋಟಾರು ಶುರುವಾದ ಹಾಗೆ ಪೆಟ್ಟಿಗೆ ಜೊರ್ರ್ ಅನ್ನಲು ಶುರು ಮಾಡಿತು. ಹುರಿಯುವ ಬಾಣಲೆಗೆ ನೀರು ಬಿದ್ದ ಹಾಗೆ. ಯಾವ ಗುಂಡಿ ತಿರುಗಿಸಿದರೂ ಜೊರ್ರ್. ಮೋಟಾರಿನ ಕಿಡಿಯೆಲ್ಲ ರೇಡಿಯೋಕ್ಕೆ ಸದ್ದಾಗಿ ಕೇಳುತ್ತದೆ ಅಂತ ಆಮೇಲೆ ತಿಳಿಯಿತು. ಸೀರೆಗೆ ಮೋಟಾರಿನ ಹಂಗಿಲ್ಲ, ಪಾತ್ರೆಗೂ ಇಲ್ಲ. ರೇಡಿಯೋಕ್ಕೆ ಇದೆ. ಊರಿನ ಮೋಟಾರೆಲ್ಲ ಬಾಯಿ ಮುಚ್ಚಿದ ದಿನ ಹೋಗಿ ರೇಡಿಯೋ ಆರಿಸಿಕೊಂಡು ಬಂದಿದ್ದೆ ನಾನು. ದಿನಾ ಆ ಮೋಟಾರಿನ ನಡುವೆ ನಿಂತು ಕೆಲಸ ಮಾಡುವವಳು. ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಭಾವ ಬಾಗಿಲಲ್ಲಿ ನಿಂತು ಕೇಳಿದರು. “ಭಾಳ ದೂರದೋರು ಮಾತಾಡ್ತಾವ್ರೆ ಅಂತ ಕಾಣ್ತದೆ. ಏನಂತಾರೆ?”

“ನಿನ್ನ ಭಾವಗೆ ಸುಮ್ನಿರಾಕೆ ಹೇಳು ಅಂತಾರೆ” ಅಂದೆ.

ಮಂಚದ ಕಡೆಯಿಂದ “ಬ್ಯಾಡ” ಅಂತ ಕೇಳಿಸಿತು.

ಅವತ್ತು ಅರ್ಧ ಪಾಳಿ ಬಿಟ್ಟು ಪೆಟ್ಟಿಗೆಯನ್ನು ಜಟಕಾದಲ್ಲಿ ಹೇರಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಗೋಡೆಯ ಮೇಲಿನ ಬೋರ್ಡು ತೋರಿಸಿದರು. ಮಾರಿದ ಮಾಲು ವಾಪಸ್ ಇಲ್ಲ ಅಂತ ಬರೆದಿತ್ತು.

“ಓದಾಕೆ ಬರುತ್ತೆ ನನಗೆ” ಅಂದೆ. “ವಾಪಸ್ ಬ್ಯಾಡ ಬಿಡ್ರಿ. ನಿಮ್ಮ ಕಟ್ಟೆ ಮ್ಯಾಲೆ ಕೂಡ್ತೀನಿ. ತಂತಿ ಸಿಗಿಸ್ರಿ, ಪೆಟ್ಟಿಗೆ ಹಾಡ್ಲಿ. ಇವತ್ತು ಮಿಲ್ಲು ಓಡ್ತೈತಲ್ಲ, ಬಂದೋರೆಲ್ಲ ಕೇಳ್ಲಿ.”

“ಗಿರಾಕಿ ಟೈಮು ಅಮ್ಮ, ತಮಾಷೆ ಬ್ಯಾಡ.”

“ನಾನು ತಮಾಷೆ ಮಾಡಾಕೆ ಸಂಬಳ ಬಿಟ್ಟು ಬಂದಿಲ್ಲ.”

ಕೂತೇ ಕೂತೆ. ಎಲೆ ಅಡಿಕೆ ಹಾಕಿಕೊಂಡೆ. ಒಬ್ಬರು ಬಂದು ಏನಮ್ಮ ಅಂದರು, ಹೇಳಿದೆ. ಇನ್ನೊಬ್ಬರು ಬಂದರು, ಮತ್ತೆ ಮೊದಲಿಂದ ಹೇಳಿದೆ. ನಾಲ್ಕನೆಯವರಿಗೆ ಹೇಳುವಾಗ ಅಂಗಡಿಯವರು ಒಳಗಿಂದ ದುಡ್ಡು ತಂದು ಕೈಗಿಟ್ಟರು. ಬಾಯಿ ಜೋರು ಅಂತ ಬೈದರು. ಜೋರಿದ್ದದ್ದಕ್ಕೇ ಕೆಲಸ ಆಯಿತು.

ಎರಡನೇ ಸಲ ಹರಿಹರಕ್ಕೆ ಹೋದೆ. ಹೊಳೆ ಕಡೆ ಹೋಗುವ ದಾರಿಯಲ್ಲಿ ವಯಸ್ಸಾದ ಒಬ್ಬ ಸಾಹೇಬರ ಗುಜರಿ ಅಂಗಡಿ ಇತ್ತು. ಸ್ನೇಹಿತರೇ ಅದರ ಗುರುತು ಹೇಳಿದ್ದರು. ಈ ಸಲ ರಜೆಯ ದಿನ ಹೋಗಲಿಲ್ಲ, ಕೆಲಸದ ದಿನ ರಜೆ ಹಾಕಿ ಹೋದೆ. ಸಾಹೇಬರು ಎರಡು ಪೆಟ್ಟಿಗೆ ತೆಗೆದಿಟ್ಟರು. ಒಂದಕ್ಕೆ ಗಾಜು, ಹೊಳಪು ಎಲ್ಲ ಇತ್ತು. ಇನ್ನೊಂದು ಬಣ್ಣ ಕಿತ್ತು, ಮೂಲೆ ಜಜ್ಜಿ, ಹಳೇ ಇಜ್ಜಲು ಡಬ್ಬದ ಹಾಗಿತ್ತು.

“ಇದು ಹಡಗಿಂದು ಬೇಟಿ” ಅಂದರು. “ನೋಡಾಕೆ ಸೂರತ್ ಚೆನ್ನಾಗಿಲ್ಲ. ಲೇಕಿನ್ ಕಿವಿ ಚುರುಕೈತೆ.”

“ಸೂರತ್ತು ನನಗೂ ಇಲ್ಲ ಸಾಹೇಬ್ರೆ, ಆದ್ರೂ ಮದುವೆ ಆಯ್ತು. ಮೋಟಾರು ಓಡುವಾಗ ಕೇಳಿಸಿ ತೋರಿಸ್ರಿ.”

“ಮೋಟಾರಾ? ಇಲ್ಲೆಲ್ಲೈತೆ ಮೋಟಾರು?”

“ಎದುರಿಗೆ ಹಿಟ್ಟಿನ ಗಿರಣಿ ಐತಲ್ಲ.”

ಅವರು ಗಿರಣಿ ನೋಡಿದರು, ನನ್ನನ್ನು ನೋಡಿದರು, ಗಡ್ಡ ಕೆರೆದುಕೊಂಡರು. “ಎಷ್ಟೋ ಜನ ಎಂಜಿನಿಯರ್ ಸಾಬ್‌ಗಳು ಬಂದು ತಗೊಂಡು ಹೋಗ್ಯಾರೆ. ಗಿರಣಿಗೆ ಒಯ್ಯಿ ಅಂದೋರು ಯಾರೂ ಇಲ್ಲ.”

“ಅವರ ಮನೆ ಹಿಂದೆ ಜಿನ್ನು ಇರಾಕಿಲ್ಲ.”

ಕೈಗಾಡಿಯಲ್ಲಿ ಎರಡನ್ನೂ ಹೇರಿ ಗಿರಣಿಗೆ ಒಯ್ದೆವು. ಒಂದು ತಂತಿಯನ್ನು ತಗಡಿನ ಮೇಲೆ ಎಸೆದರು. ಜೋಳದ ಡಬ್ಬ ಹಿಡಿದು ಸಾಲಿನಲ್ಲಿ ಕೂತಿದ್ದ ಹೆಂಗಸರಿಗೆ ಹಬ್ಬ.

“ಏನವ್ವಾ, ಪೆಟ್ಟಿಗೆ ಬೀಸಿಸ್ತೀಯೇನು?”

“ಹೂಂ. ನುಣ್ಣಗೆ ಬಂದ್ರೆ ನಿನಗೂ ಒಂದು ಸೇರು ಕೊಡ್ತೀನಿ.”

ಗಿರಣಿಯವನಿಗೆ ನಿಲ್ಲಿಸಬೇಡ, ಬೀಸುತ್ತಲೇ ಇರು ಅಂದೆ. ಹೊಳಪಿನ ಪೆಟ್ಟಿಗೆ ಬಾಯಿ ತೆರೆದದ್ದೇ ತಡ, ಅದೇ ಜೊರ್ರ್. ಬಂದ್ ಮಾಡಿ ಪಕ್ಕಕ್ಕಿಟ್ಟೆ. ಹಡಗಿನದೂ ಮೊದಲು ಹಂಗೇ ಕೂಗಿತು. ಸಾಹೇಬರು ಬದಿಯ ಒಂದು ಸ್ವಿಚ್ಚು ತಿರುಗಿಸಿದರು. ಇನ್ನೊಂದು ತಿರುಗಿಸಿದರು. ಜರಡಿ ಹಿಡಿದ ಹಾಗೆ ಸದ್ದೆಲ್ಲ ಕೆಳಗೆ ಉದುರಿತು. ಪೂರ್ತಿ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಅದರ ಮೇಲೆ ಕುಂಯ್ ಕುಂಯ್ ಅಂತ ಯಾವುದೋ ಹಡಗು, ಯಾವುದೋ ಸಮುದ್ರ, ಎದ್ದು ನಿಂತಿತು. ಮಿಲ್ಲಿನಲ್ಲಿ ಅಷ್ಟು ಗದ್ದಲದ ನಡುವೆ ಒಂದು ರಾಟೆ ದನಿ ಬದಲಿಸಿದರೆ ನನ್ನ ಕಿವಿಗೆ ಗೊತ್ತಾಗುತ್ತಿತ್ತು. ಆ ಕಿವಿಗೆ ಇಷ್ಟು ಸಾಕು.

ಆದರೂ ಒಂದು ಪರೀಕ್ಷೆ ಬಾಕಿ ಇತ್ತು. ಒಂದು ಗೋಣಿಚೀಲ ಕೇಳಿ ಈಸಿಕೊಂಡು ನೆಲಕ್ಕೆ ಹಾಸಿದೆ, ಪೆಟ್ಟಿಗೆಯನ್ನು ಪಕ್ಕಕ್ಕೆ ಎಳೆದುಕೊಂಡು ಅಂಗಾತ ಮಲಗಿದೆ. ಗಂಡಸರು ಎದ್ದು ಆಚೆ ಹೋದರು. ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ನಗಲಿ. ಮಲಗಿದಲ್ಲಿಂದ ಕೈ ಚಾಚಿದರೆ ಹಡಗಿನ ಪೆಟ್ಟಿಗೆಯ ದೊಡ್ಡ ಗುಂಡಿ ಕೆಳಗಿನ ಮೂಲೆಯಲ್ಲಿ, ಸೀದಾ ಅಂಗೈಗೆ ಸಿಕ್ಕಿತು. ಮೊಣಕೈ ಎತ್ತುವುದೇ ಬೇಡ. ಹೊಳಪಿನದರಲ್ಲಾದರೆ ಗುಂಡಿ ಮೇಲೆ, ತೋಳು ಎತ್ತಿ ಹಿಡಿದಿರಬೇಕು.

“ಬೇಟಿ, ತಲೆ ಸುತ್ತುತೈತಾ?” ಅಂದರು ಸಾಹೇಬರು.

“ನನಗೇನಾಗಿಲ್ಲ. ಇದನ್ನ ನಡೆಸೋರು ಮಲಗೇ ಇರ್ತಾರೆ, ಅದಕ್ಕೆ ನೋಡಿದೆ.”

ಅವರು ಅಂಗಡಿಗೆ ಹೋಗಿ ಕಿವಿಗೆ ಹಾಕುವ ಹೆಡ್‌ಫೋನುಗಳನ್ನೆಲ್ಲ ಹರವಿ, ಬಹಳ ಹೊತ್ತು ಹಾಕಿಕೊಂಡರೂ ಕಿವಿ ನೋಯದಂಥದ್ದನ್ನು ತಾವೇ ಹುಡುಕಿ ಕೊಟ್ಟರು. ಕೀಗಳಲ್ಲಿ ಹಿತ್ತಾಳೆಯದು ಒಂದನ್ನು ನಾನು ಆರಿಸಿದೆ. ಉಳಿದವು ಗಟ್ಟಿ ಒತ್ತಬೇಕು, ಇದು ಬೆರಳಿಟ್ಟರೆ ಸಾಕು.

ಕಳಿಸುವ ಪೆಟ್ಟಿಗೆಗೆ ತಾಮ್ರದ ತಂತಿಯ ಒಂದು ಸುರುಳಿ ಬೇಕಿತ್ತು. ಸ್ನೇಹಿತರು ರಜೆಯ ದಿನ ಬಂದು ಕೂತು ಸುತ್ತಿದರು. ಅಂಕುಡೊಂಕು. ಮತ್ತೆ ಸುತ್ತಿದರು, ಮತ್ತೆ ಅಂಕುಡೊಂಕು.

“ಸರೀರಿ ಅತ್ಲಾಗೆ” ಅಂದೆ. “ಎಷ್ಟು ಸುತ್ತು ಬೇಕು, ಎಷ್ಟು ಬಿಗಿ ಬೇಕು, ಅಷ್ಟು ಹೇಳ್ರಿ ಸಾಕು.”

ಸುತ್ತುವುದು ನನ್ನ ಕಸುಬು. ಒಂದರ ಪಕ್ಕ ಒಂದು, ಉಗುರು ತೂರದ ಹಾಗೆ ಸುತ್ತಿಟ್ಟೆ. ಅವರು ಬೆಸುಗೆ ಹಾಕಿ ಮುಗಿಸಿದರು. ಕೀಯನ್ನು ಚಪಾತಿ ಮಣೆಗೆ ಮೊಳೆ ಹೊಡೆದು ಕೂರಿಸಿದೆ. ಮಣೆಯನ್ನು ಮಂಚದ ಪಟ್ಟಿಗೆ, ಇವರ ಬಲಗೈ ಬೀಳುವ ಕಡೆ, ಬಿಗಿದು ಕಟ್ಟಿದೆ. ಚಪಾತಿ ನಮ್ಮಲ್ಲಿ ಅಪರೂಪ, ದಿನಾ ರೊಟ್ಟಿಯೇ. ನಷ್ಟವೇನೂ ಆಗಲಿಲ್ಲ. ಇಷ್ಟೆಲ್ಲ ನಡೆಯುವಾಗಲೂ ಇವರ ಮುಖ ಗೋಡೆ ಕಡೆಗೇ. ಆದರೆ ನಾನು ಒಂದು ಸಲ ಬಗ್ಗಿ ನೋಡಿದೆ, ಕಣ್ಣು ತೆರೆದಿತ್ತು.

ಕೊನೆಗೆ ತಂತಿ. ಒಂದು ತುದಿ ನಮ್ಮ ಮಾಳಿಗೆಯ ಮೇಲಿನ ಬಿದಿರಿಗೆ. ಇನ್ನೊಂದು ತುದಿ ಆಚೆ ಪಕ್ಕದ ಮಂಡಕ್ಕಿ ಭಟ್ಟಿಯವರ ಬೇವಿನ ಮರಕ್ಕೆ. ಆ ಮನೆಯ ಯಜಮಾನಿ, ನಾನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ, “ಕಟ್ಕೊಳ್ಳಿ, ಮರಕ್ಕೇನು ಭಾರ?” ಅಂದರು. ಹತ್ತುವವರು ಯಾರು? ಸ್ನೇಹಿತರಿಗೆ ವಾರ ಬಿಟ್ಟೇ ಬರಲು ಆಗುವುದು. ಭಾವನಿಗೆ ಹೇಳಿ ಕಳಿಸಿದೆ, ಸೊಂಟ ನೋವು ಅಂದರು. ನಾನು ಸೀರೆ ಕಚ್ಚೆ ಹಾಕಿ ಹತ್ತಿದೆ. ಬೀದಿಯೇ ಸೇರಿತು. ಸೊಂಟ ನೋವಿನವರು ಓಡಿ ಬಂದರು.

“ಇಳಿ ಕೆಳಗೆ! ಮನೆ ಮರ್ಯಾದೆ ಹೋಗ್ತೈತೆ!”

“ಕೊಂಬೆ ಗಟ್ಟಿ ಐತೆ ಭಾವ, ಅದೂ ಹೋಗಲ್ಲ. ಆ ಹಗ್ಗ ಎಸೀರಿ.”

ಎಸೆಯಲಿಲ್ಲ. ಆಪಾ ಎಸೆದರು.

ಮುಂದಿನ ವಾರ ನನಗೆ ಎರಡನೇ ಪಾಳಿ, ಬೆಳಿಗ್ಗೆ ಮನೆಯಲ್ಲಿದ್ದೆ. ಜಿನ್ನು ಓಡುತ್ತಿತ್ತು, ಮಗ್ಗ ಓಡುತ್ತಿದ್ದವು. ಅಂಥ ಹೊತ್ತನ್ನೇ ಆರಿಸಿದೆ. ಹೆಡ್‌ಫೋನನ್ನು ಇವರ ಕಿವಿಗೆ ಹಾಕಿದೆ. ಕಿತ್ತು ಹಾಕಿದರು. ಮತ್ತೆ ಹಾಕಿದೆ. ಕಿತ್ತರು. ಮೂರನೇ ಸಲ ಒಂದು ಬದಿ ಅವರ ಕಿವಿಗೆ ಒತ್ತಿ, ಇನ್ನೊಂದು ಬದಿಗೆ ನನ್ನ ಕಿವಿ ಕೊಟ್ಟು ಪಕ್ಕದಲ್ಲೇ ಕೂತೆ, ಕೈ ಬಿಡಲಿಲ್ಲ. ಗುಂಡಿ ತಿರುಗಿಸುತ್ತ ಹೋದೆ. ಆ ಭಾಷೆ ನನಗೆ ಬರುವುದಿಲ್ಲ. ಒಂದೇ ಒಂದು ಕೂಗನ್ನು ಸ್ನೇಹಿತರು ಕಲಿಸಿದ್ದರು. ಕುಂಯ್ ಕು ಕುಂಯ್ ಕು, ಕುಂಯ್ ಕುಂಯ್ ಕು ಕುಂಯ್. ಯಾರಾದರೂ ಇದ್ದೀರಾ, ಮಾತಾಡ್ತೀರಾ ಅಂತ ಅದರ ಅರ್ಥ. ಎಷ್ಟೋ ಹೊತ್ತಿನ ಮೇಲೆ ಅದು ಸಿಕ್ಕಿತು.

“ಯಾರೋ ಕರೀತಾವ್ರೆ” ಅಂದೆ. “ಬಾಗಿಲು ಬಡಿದೋರಿಗೆ ಯಾರು ಅಂತ ಕೂಡ ಕೇಳದೆ ಮಲಗೋದು ಯಾವೂರ ಮರ್ಯಾದೆ? ನಿಮ್ಮಪ್ಪ ಹಂಗೆ ಬೆಳೆಸಿದ್ರಾ?”

ಆ ಕಡೆಯವರು ಮತ್ತೆ ಕರೆದರು. ಮತ್ತೊಮ್ಮೆ ಕರೆದರು. ಇನ್ನು ಹೋಗಿಬಿಡುತ್ತಾರೆ ಅನ್ನುವಾಗ ಇವರ ಬಲಗೈ ಹಾಸಿಗೆ ಮೇಲೆ ಹರಿದು ಬಂದು ಮಣೆ ಮುಟ್ಟಿತು. ನಾನು ಸ್ವಿಚ್ಚನ್ನು ಕಳಿಸುವ ಕಡೆಗೆ ತಿರುಗಿಸಿದೆ. ಮೊದಲು ಬೆರಳು ತಪ್ಪಿತು, ನಿಂತಿತು, ಮತ್ತೆ ಶುರುವಾಯಿತು, ಆಮೇಲೆ ಅದರ ಪಾಡಿಗೆ ಅದು ಓಡಿತು. ಸ್ವಿಚ್ಚನ್ನು ಕೇಳುವ ಕಡೆಗೆ ತಿರುಗಿಸಿದೆ. ಆ ಕಡೆಯಿಂದ ಉತ್ತರ ಬಂತು. ಇವರು ಕೇಳಿದರು, ಒತ್ತಿದರು, ಕೇಳಿದರು. ನಮ್ಮ ಹೆಂಗಸರು ಎದುರು ಸಿಕ್ಕರೆ ಇವತ್ತೇನು ಸಾರು ಅಂತ ಕೇಳುತ್ತಾರಲ್ಲ, ಈ ಜನ ನಿಮ್ಮದೇನು ಸಾಮಾನು ಅಂತ ಕೇಳುತ್ತಾರೆ. ಪೆಟ್ಟಿಗೆ ಯಾವುದು, ತಂತಿ ಎಷ್ಟು ಎತ್ತರ ಅಂತ. ಅದು ಅವರ ಪದ್ಧತಿ. ಇವರ ಬೆರಳು ನಿಂತಿತು. ಆಮೇಲೆ ಮುಖ ಗೋಡೆ ಬಿಟ್ಟು ನನ್ನ ಕಡೆ ತಿರುಗಿತು.

“ತಂತಿ ಎಷ್ಟು ಎತ್ತರ ಐತೆ?”

ನಾನು ಅಳಲಿಲ್ಲ. ಆ ಕಡೆಯವರು ಕಾಯುತ್ತಿದ್ದರು.

“ನಾಲ್ಕಾಳು. ಮ್ಯಾಲೊಂದು ಮೊಳ.”

“ಆಳು, ಮೊಳ ಅಂದ್ರೆ ಆ ಮದ್ರಾಸಿನೋರಿಗೆ ಹೆಂಗೆ ತಿಳೀಬೇಕು? ಅಡಿಯಾಗೆ ಹೇಳು.”

“ಮರ ಹತ್ತೋವಾಗ ಅಡಿಪಟ್ಟಿ ಹಿಡ್ಕೊಂಡು ಹೋಗಿರ್ಲಿಲ್ಲ.”

“ಮರ ನೀನು ಹತ್ತಿದ್ಯಾ?”

“ಮತ್ತೆ ನಿಮ್ಮಣ್ಣ ಹತ್ತಿದ್ರಾ?”

“ಬುದ್ಧಿ ಐತಾ ನಿನಗೆ? ಬಿದ್ದಿದ್ರೆ?”

“ಬಿದ್ದಿದ್ರೆ ಇಲ್ಲೇ ಪಕ್ಕದಾಗೆ ಇನ್ನೊಂದು ಮಂಚ ಹಾಕಿಸ್ಕೋತಿದ್ದೆ. ಅಡಿ ಎಷ್ಟಾಯ್ತು, ಲೆಕ್ಕ ಹಾಕಿ ಹೇಳ್ರಿ ಅವರಿಗೆ.”

“ನನಗೆ ಹೇಳಾಕೆ ಬರ್ತಾಳೆ! ತುದಿ ಬಿಗಿಯಾಗಿ ಕಟ್ಟೀಯಾ ಇಲ್ಲಾ?”

“ಕಟ್ಟೀನಿ.”

“ಸಡ್ಲ ಐತೆ. ನನಗೆ ಕೇಳಿಸ್ತೈತೆ, ಸಡ್ಲ ಐತೆ.”

“ಹಂಗಾದ್ರೆ ನೀವೇ ಹೋಗಿ ಕಟ್ರಿ!”

ಇಬ್ಬರ ದನಿಯೂ ಏರಿತ್ತು. ಜಿನ್ನಿನ ಸದ್ದು ದಾಟಿ ಪಕ್ಕದ ಮನೆಗೆ ಕೇಳಿರಬೇಕು, ಭಾವ ಚಪ್ಪಲಿ ಕೂಡ ಹಾಕದೆ ಓಡಿ ಬಂದರು.

“ಏನಾಯ್ತು? ಯಾರು ಮಾತಾಡಿದ್ದು? ಏನ್ ಗಲಾಟೆ ಇದು?”

“ಏನಿಲ್ಲ ಭಾವ” ಅಂದೆ. “ಗಂಡ ಹೆಂಡ್ತಿ ಜಗಳ. ಆಮ್ಯಾಲೆ ಬರ್ರಿ, ಮದ್ರಾಸಿನೋರು ಕಾಯ್ತಾವ್ರೆ.”

ಬಾಗಿಲು ನಾನೇ ಎಳೆದು ಮುಂದೆ ಮಾಡಿದೆ.